ಫ್ರಾಸ್ಟ್ ಚಾರ್ಟ್, ಮಳೆ ನಕ್ಷತ್ರ, ಥರ್ಮಾಮೀಟರ್: ಒಂದೇ ತಾರಸಿಯಲ್ಲಿ ಮೂರು ಲೆಕ್ಕ

ಕೊತ್ತಂಬರಿ ಬೀಜ ಯಾವಾಗ ಹಾಕಬೇಕು? ಈ ಒಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ಮೂರು ಉತ್ತರ ಸಿಗುತ್ತದೆ. ಚಿಕಾಗೋದಲ್ಲಿರುವ ಅಕ್ಕ ಫ್ರಾಸ್ಟ್ ಚಾರ್ಟ್ ನೋಡಿ ಹೇಳುತ್ತಾಳೆ. ಮಾಗಡಿ ಕಡೆಯವರಾದ ನಮ್ಮತ್ತೆ ಪಂಚಾಂಗದಲ್ಲಿ ಮಳೆ ನಕ್ಷತ್ರ ನೋಡಿ ಹೇಳುತ್ತಾರೆ. ಪಿಯುಸಿ ಓದುವ ಮಗ, "ಅಮ್ಮ, ಒಂದು ಥರ್ಮಾಮೀಟರ್ ನೇತು ಹಾಕಿ ನೋಡು" ಅನ್ನುತ್ತಾನೆ. ಯಾರ ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಹಾಗಾಗಿ 2024ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಬನಶಂಕರಿಯ ನಮ್ಮ ತಾರಸಿ ಮೇಲೆ, 30 ಗ್ರೋ ಬ್ಯಾಗ್‌ಗಳಲ್ಲಿ, ಮೂರನ್ನೂ ಪಾಲಿಸಿ ನೋಡಿದೆ. ಬೇರೆ ಬೆಳೆಗಳು ಬದಲಾದವು. ಕೊತ್ತಂಬರಿಯನ್ನು ಮಾತ್ರ ಒಂದೇ ಅಂಗಡಿಯ ಬೀಜ ತಂದು ಮೂರು ಲೆಕ್ಕದಲ್ಲೂ ಬಿತ್ತಿದೆ, ಅಳೆಯೋಕೆ ಒಂದು ಸಮಾನ ಕೋಲು ಬೇಕಲ್ವಾ.

ಮೊದಲು ಅಕ್ಕನ ಲೆಕ್ಕ. ಇಬ್ಬನಿ ಹೆಪ್ಪುಗಟ್ಟಿ ಎಲೆ ಮೇಲೆ ಬೆಳ್ಳಗೆ ಕೂರುವುದೇ ಫ್ರಾಸ್ಟ್. ಟೊಮೆಟೊ, ಬೀನ್ಸ್, ಬೇಸಿಲ್ ಥರದ ಗಿಡಗಳು ಒಂದು ರಾತ್ರಿ ಅದಕ್ಕೆ ಸಿಕ್ಕಿದರೆ ಬೆಳಗ್ಗೆಗೆ ಕಪ್ಪಾಗಿ ಜೋತುಬೀಳುತ್ತವೆ. ಅದಕ್ಕೇ ಅವಳ ಊರಿನಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ಭಾಗದವರೆಗೆ ಕಾಯುತ್ತಾರೆ. ಹಲವು ವರ್ಷಗಳ ದಾಖಲೆ ನೋಡಿ "ಕೊನೆಯ ಫ್ರಾಸ್ಟ್ ದಿನ" ಅಂತ ಒಂದು ದಿನ ಗುರುತು ಮಾಡಿಕೊಳ್ಳುತ್ತಾರೆ. ಟೊಮೆಟೊ ಬೀಜವನ್ನು ಆ ದಿನಕ್ಕೆ ಆರರಿಂದ ಎಂಟು ವಾರ ಮುಂಚೆ ಮನೆಯೊಳಗೆ ಹಾಕುತ್ತಾರೆ. ಪಾಲಕ್, ಬಟಾಣಿ ಥರ ಚಳಿ ತಡೆಯುವ ಬೆಳೆಗಳನ್ನು ನಾಲ್ಕು ವಾರ ಮುಂಚೆಯೇ ಹೊರಗೆ ಬಿತ್ತುತ್ತಾರೆ. ಬೇಸಿಲ್ ಹೊರಗೆ ಬರುವುದು ಆ ದಿನ ಕಳೆದ ಮೇಲೆ.

ಬೆಂಗಳೂರಿಗೆ ಅಂಥ ದಿನವೇ ಇಲ್ಲ. ನಮ್ಮೂರಿನ ದಾಖಲೆಯ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ಬಂದ 7.8 ಡಿಗ್ರಿ. ಊಟಿಯಲ್ಲಿ ಹುಲ್ಲು ಬೆಳ್ಳಗಾಗುತ್ತದೆ, ಇಲ್ಲಿ ಆಗುವುದಿಲ್ಲ. ಆದರೂ ಚಾರ್ಟನ್ನು ಪೂರ್ತಿ ಪಾಲಿಸಬೇಕು ಅಂತ ನಾನು ಒಂದು ಬದಲಿ ದಿನ ಹುಡುಕಿದೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತೇವಲ್ಲ, ಅದನ್ನೇ ನನ್ನ ಕೊನೆಯ ಫ್ರಾಸ್ಟ್ ದಿನ ಅಂದುಕೊಂಡೆ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಿತ್ತು. ಅಲ್ಲಿಂದ ಆರು ವಾರ ಹಿಂದೆ ಎಣಿಸಿ ಜನವರಿ 26ಕ್ಕೆ ಟೊಮೆಟೊ ಬೀಜ ಹಾಕಿದೆ. ನಾಲ್ಕು ವಾರ ಹಿಂದೆ ಎಣಿಸಿ ಫೆಬ್ರವರಿ 9ಕ್ಕೆ ಕೊತ್ತಂಬರಿ, ಪಾಲಕ್ ಬಿತ್ತಿದೆ.

ಕೊತ್ತಂಬರಿ ಒಂಬತ್ತನೇ ದಿನ ಚೆನ್ನಾಗಿಯೇ ಮೊಳೆಯಿತು. ಮಾರ್ಚ್ ಮಧ್ಯದವರೆಗೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಅಗಲ ಎಲೆಗಳ ನಡುವೆ ಸಣ್ಣ ದಂಟು ಎದ್ದಿತ್ತು. ಅದರ ತುದಿಯಲ್ಲಿ ಸಬ್ಬಸಿಗೆ ಥರ ಎಳೆ ಎಳೆಯಾದ ಎಲೆ. ಕೊತ್ತಂಬರಿ ಹಾಗೆ ಎಲೆ ಸಣ್ಣ ಮಾಡಿಕೊಂಡಿತು ಅಂದರೆ ಮುಗಿಯಿತು, ಇನ್ನು ಅದು ಹೂವಿನ ಕಡೆಗೇ ಹೋಗುತ್ತದೆ. ಸೆಕೆಗೆ ಅದು ಮಾಡುವುದೇ ಹಾಗೆ. ಗಿಡ ಒಂದು ಗೇಣೂ ಇರಲಿಲ್ಲ. ನಾಲ್ಕು ಬ್ಯಾಗಿನಿಂದ ಎರಡು ಹಿಡಿ ಸೊಪ್ಪು ಸಿಕ್ಕಿತು, ಅಷ್ಟೇ.

ಟೊಮೆಟೊ ಇನ್ನೂ ಬೇಜಾರು ಮಾಡಿತು. ಗಿಡ ಹಸಿರಾಗಿ ಎದೆ ಎತ್ತರ ಬೆಳೆಯಿತು. ಏಪ್ರಿಲ್‌ನಲ್ಲಿ ಹೂವೂ ತುಂಬ ಬಿಟ್ಟಿತು. ಆದರೆ ಟೊಮೆಟೊ ಹೂವಿನ ತೊಟ್ಟಿನಲ್ಲಿ ಬೆರಳ ಗೆಣ್ಣಿನಂಥ ಒಂದು ಸಣ್ಣ ಗಂಟು ಇರುತ್ತದೆ, ನೋಡಿದ್ದೀರಾ? ಆ ಗಂಟು ಹಳದಿಯಾಗುತ್ತಿತ್ತು. ಬೆರಳು ತಾಗಿಸಿದರೆ ಸಾಕು, ಹೂ ಪಟ್ ಅಂತ ಅಲ್ಲಿಂದಲೇ ಕಳಚಿ ಬೀಳುತ್ತಿತ್ತು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 22ರ ಕೆಳಗೆ ಇಳಿಯದಿದ್ದರೆ ಟೊಮೆಟೊ ಕಾಯಿ ಕಚ್ಚುವುದು ಕಷ್ಟ. ಆ ಏಪ್ರಿಲ್ 28ಕ್ಕೆ ನಗರದಲ್ಲಿ 38.5 ಡಿಗ್ರಿ ಇತ್ತು. ಆರು ಗಿಡದಿಂದ ಒಂಬತ್ತು ಹಣ್ಣು ಸಿಕ್ಕಿತು.

ನೀರಿನ ವಿಷಯ ಹೇಳಲೇಬೇಕು. ಆ ಬೇಸಿಗೆಯಲ್ಲಿ ಊರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಆದೇಶ ಬಂತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಇಷ್ಟರಲ್ಲೇ ಗಿಡ ಉಳಿಸಿಕೊಂಡೆ. ಆಗ ಚೆನ್ನಾಗಿ ಅರ್ಥವಾಯಿತು. ಅಕ್ಕನ ಊರಿನಲ್ಲಿ ವಸಂತ ಅಂದರೆ ಬೆಳೆ ಶುರುವಾಗುವ ಕಾಲ. ನಮ್ಮಲ್ಲಿ ಅದೇ ತಿಂಗಳು ಬಿಸಿಲು ಏರುತ್ತದೆ, ನೀರು ಇಳಿಯುತ್ತದೆ. ಚಾರ್ಟನ್ನು ಹಾಗೇ ಇಲ್ಲಿಗೆ ತಂದರೆ ಗಿಡಕ್ಕೆ ತುಂಬ ನೀರು ಬೇಕಾದ ಹೊತ್ತು ಸರಿಯಾಗಿ ನೀರಿಲ್ಲದ ಹೊತ್ತಿಗೆ ಬಂದು ನಿಲ್ಲುತ್ತದೆ. ಮಾರ್ಚ್ ಮಧ್ಯದಲ್ಲಿ ಕುಂಡಕ್ಕೆ ಹಾಕಿದ ಬೇಸಿಲ್ ಒಂದೇ ಖುಷಿಯಾಗಿತ್ತು, ಸ್ವಲ್ಪ ನೆರಳಿನಲ್ಲಿ.

ಮುಂದಿನದು ಅತ್ತೆಯ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರಿದ್ರ. ಹೀಗೇ ಅಕ್ಟೋಬರ್ ಕೊನೆಯ ಸ್ವಾತಿವರೆಗೂ ಅತ್ತೆ ಬಾಯಲ್ಲೇ ಹೇಳುತ್ತಾರೆ, ಪಂಚಾಂಗ ತೆರೆಯುವುದು ಸುಮ್ನೆ ಖಾತ್ರಿ ಮಾಡಿಕೊಳ್ಳೋಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ. ಈ ಮಾತುಗಳು ಅವರಿಗೆ ಬರೀ ಗಾದೆ ಅಲ್ಲ, ಕೆಲಸದ ಪಟ್ಟಿ.

ರೋಹಿಣಿಯಲ್ಲಿ ನಾನು ಹೀರೇಕಾಯಿ ಬೀಜ ಹಿಡಿದು ಹೊರಟಾಗ ಅತ್ತೆ ತಡೆದರು. "ಮೊದಲ ಮಳೆ ಹೊಡೆದು ಹೋಗ್ಲಿ ತಡೀಮ್ಮ" ಅಂದರು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು, ಜೂನ್ ತಿಂಗಳ ಒಂದು ದಿನದ ಮಳೆಗೆ ನಗರದಲ್ಲಿ ಅದೇ ದಾಖಲೆ. ಹಾಕಿದ್ದರೆ ಬೀಜ ಕೊಚ್ಚಿ ಹೋಗುತ್ತಿತ್ತು. ಜೂನ್ 10ಕ್ಕೆ, ಮೃಗಶಿರದಲ್ಲಿ, ಹೀರೇಕಾಯಿ, ಸೋರೆಕಾಯಿ, ಬೆಂಡೆಕಾಯಿ, ಹರಿವೆ ಹಾಕಿದೆವು. ನೀರು ಹಾಕುವ ಕೆಲಸವೇ ಕಡಿಮೆ. ಆಗಸ್ಟ್ ಮೊದಲ ವಾರ ಹೀರೇಕಾಯಿ ಕೊಯ್ದೆವು, ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡಿದೆವು.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಅವರೆಯನ್ನು. "ಆರಿದ್ರಕ್ಕೆ ಮುಂಚೆ ಅವರೆ ಹಾಕ್ಬೇಡ ಕಣಮ್ಮ, ಬರೀ ಬಳ್ಳಿ ಹಬ್ಬುತ್ತೆ" ಅಂತ ಅತ್ತೆ ಹೇಳಿದ್ದರು. ಊರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಹಾಕುವ ನಾಟಿ ಅವರೆ ಅದು. ಆರಿದ್ರದಲ್ಲಿ ಅದನ್ನು ಹಾಕಿ, ಪಕ್ಕದ ಬ್ಯಾಗಿನಲ್ಲಿ ಅದೇ ದಿನ ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಹೆಬ್ಬಾಳ ಅವರೆ ಹಾಕಿದೆ. ಹೆಬ್ಬಾಳ ಅವರೆ ಒಂದೂವರೆ ತಿಂಗಳಿಗೇ ಹೂ ಬಿಟ್ಟಿತು. ಮಳೆಗೆ ಒಂದಷ್ಟು ಹೂ ಉದುರಿದರೂ ಸೆಪ್ಟೆಂಬರ್‌ನಲ್ಲಿ ಕಾಯಿ ಸಿಕ್ಕಿತು. ನಾಟಿ ಅವರೆ ಮಾತ್ರ ನೀರಿನ ಟ್ಯಾಂಕಿನ ಏಣಿ ಪೂರ್ತಿ ಹಬ್ಬಿ, ಒಂದು ಹೂವಿಲ್ಲದೆ ನಿಂತಿತ್ತು. ನವೆಂಬರ್ ಮಧ್ಯದಲ್ಲಿ ಒಂದೇ ವಾರದೊಳಗೆ ಬಳ್ಳಿ ತುಂಬ ಹೂಗೊಂಚಲು! ಅದು ಕಾಯುತ್ತಿದ್ದದ್ದು ಚಳಿಗಲ್ಲ, ಹಗಲು ಚಿಕ್ಕದಾಗುವುದಕ್ಕೆ. ಬೆಂಗಳೂರಿನಲ್ಲಿ ಜೂನ್ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಹಗಲು 11 ಗಂಟೆ 20 ನಿಮಿಷ. ಅಕ್ಕನ ಊರಿನಲ್ಲಿ ಈ ವ್ಯತ್ಯಾಸ ಆರು ಗಂಟೆ. ನಮ್ಮಲ್ಲಿ ಬರೀ ಒಂದೂವರೆ ಗಂಟೆ, ಅಷ್ಟನ್ನೇ ನಾಟಿ ಅವರೆ ಗುರುತು ಹಿಡಿಯುತ್ತದೆ. ಎಷ್ಟು ಬೇಗ ಹಾಕಿದರೂ ಅದು ಆ ಹೊತ್ತಿಗೇ ಹೂ ಬಿಡುವುದು, ಅಲ್ಲಿಯವರೆಗೆ ಬಳ್ಳಿಯಷ್ಟೇ. ಅತ್ತೆ ಹೇಳಿದ್ದು ಅಕ್ಷರಶಃ ಸರಿ. ಡಿಸೆಂಬರ್ ಕೊನೆಗೆ ಕೊಯ್ದ ಆ ಕಾಯಿಯ ಸೊಗಡು ಕೈಗೆ ಅಂಟಿಕೊಂಡು ಸಂಜೆವರೆಗೂ ಹೋಗಲಿಲ್ಲ. ಹೆಬ್ಬಾಳ ಅವರೆ ಯಾವ ಕಾಲಕ್ಕಾದರೂ ಬರುತ್ತದೆ, ಅದು ದೊಡ್ಡ ಅನುಕೂಲ. ಸೆಪ್ಟೆಂಬರ್‌ನ ಕಾಯಿಯಲ್ಲಿ ಆ ಸೊಗಡು ಇರಲಿಲ್ಲ.

ಆದರೆ ಕೊತ್ತಂಬರಿಯಲ್ಲಿ ನಕ್ಷತ್ರವೂ ಸೋತಿತು. ಚಿತ್ತೆಯಲ್ಲಿ ಹಾಕು ಅಂದರು, ಅಕ್ಟೋಬರ್ 11ಕ್ಕೆ ಹಾಕಿದೆ. ಆ ಅಕ್ಟೋಬರ್ ಮಧ್ಯದ ಮಳೆ ನಿಮಗೂ ನೆನಪಿರುತ್ತದೆ, ಯಲಹಂಕ ಕಡೆ ಅಪಾರ್ಟ್‌ಮೆಂಟ್‌ಗಳಿಗೇ ನೀರು ನುಗ್ಗಿತ್ತು. ಮೊಳಕೆ ಬಂದದ್ದೆಲ್ಲ ಬುಡ ಕೊಳೆತು ದಾರದ ಹಾಗೆ ಮಲಗಿತು. ಪಕ್ಕದ ಟ್ರೇಯಲ್ಲಿದ್ದ ನವಿಲುಕೋಸಿನ ಸಸಿಯೂ ಅಷ್ಟೇ. ತಪ್ಪು ಅತ್ತೆಯ ಲೆಕ್ಕದ್ದಲ್ಲ. ಅದು ಹೊಲದ ಲೆಕ್ಕ. ಹೊಲದಲ್ಲಿ ನೀರು ಇಂಗುತ್ತದೆ, ಹರಿದು ಹೋಗುತ್ತದೆ. ಒಂದಡಿ ಬ್ಯಾಗಿನಲ್ಲಿ ನಿಲ್ಲುತ್ತದೆ, ಇಲ್ಲವೇ ಗೊಬ್ಬರವನ್ನೆಲ್ಲ ತೊಳೆದುಕೊಂಡು ಹೊರಟುಹೋಗುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುವ ಮಾತು ನನ್ನ ಬ್ಯಾಗುಗಳಿಗೆ ಹೊಂದಲಿಲ್ಲ. ಮಘೆ ಮುಗಿದ ಮೇಲೆ ಪ್ರತಿ ಬ್ಯಾಗಿಗೂ ಮತ್ತೆ ಎರಡು ಹಿಡಿ ಎರೆಗೊಬ್ಬರ ಹಾಕಬೇಕಾಯಿತು. ಇನ್ನೊಂದು ವಿಷಯ: ಸ್ವಾತಿ ಕಳೆದ ಮೇಲೆ ನಕ್ಷತ್ರದ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ. ನಮ್ಮೂರಿನ ಸೊಪ್ಪಿಗೆ ಒಳ್ಳೆಯ ಕಾಲ ಶುರುವಾಗುವುದೇ ಆಮೇಲೆ.

ಮಗನ ಥರ್ಮಾಮೀಟರ್ ಬಗ್ಗೆ ಹೇಳುವುದು ಕಡಿಮೆ, ಆದರೆ ಫಲ ಅದರಲ್ಲೇ ಜಾಸ್ತಿ. ಗರಿಷ್ಠ, ಕನಿಷ್ಠ ಎರಡನ್ನೂ ಹಿಡಿದಿಡುವಂಥದ್ದು ತಂದೆವು. ಬಿಸಿಲು ಬೀಳದ ಉತ್ತರದ ಗೋಡೆಗೆ ಹಾಕಿ, ದಿನಾ ಬೆಳಗ್ಗೆ ಕಾಫಿ ಹಿಡಿದು ಹೋಗಿ ಬರೆದುಕೊಂಡೆ. ರಾತ್ರಿ ಐದು ದಿನ ಸತತವಾಗಿ 20ರ ಕೆಳಗೆ ಇಳಿದರೆ ಕೊತ್ತಂಬರಿ, ಪಾಲಕ್, ಮೆಂತ್ಯ, ಸಬ್ಬಸಿಗೆ ಬಿತ್ತುವುದು ಅಂತ ನಿಯಮ ಇಟ್ಟುಕೊಂಡೆ. ದೀಪಾವಳಿ ಕಳೆದು ನವೆಂಬರ್ 9ಕ್ಕೆ ಆ ಐದು ರಾತ್ರಿ ಮುಗಿದವು. ಅವತ್ತೇ ಬೀಜ ಒಡೆದು, ರಾತ್ರಿ ನೆನೆಸಿ, ಮರುದಿನ ಬಿತ್ತಿದೆ. ಆ ಕೊತ್ತಂಬರಿಯನ್ನು ಮೂರು ಸಲ ಕತ್ತರಿಸಿದೆ. ಮೂರು ವಾರಕ್ಕೊಮ್ಮೆ ಒಂದು ಬ್ಯಾಗ್ ಹೊಸದಾಗಿ ಬಿತ್ತುತ್ತಾ ಹೋದೆ, ಫೆಬ್ರವರಿ ಕೊನೆಯವರೆಗೂ ಅಂಗಡಿಯಿಂದ ಒಂದು ಕಟ್ಟೂ ತರಲಿಲ್ಲ. ಚಂಡಮಾರುತದಿಂದ ಡಿಸೆಂಬರ್ ಮೊದಲ ವಾರ ಜಿಟಿಜಿಟಿ ಹಿಡಿದಾಗಲೂ ಗಿಡ ಕೊಳೆಯಲಿಲ್ಲ, ಅಷ್ಟರಲ್ಲಿ ಬೇರು ಬಿಟ್ಟಿತ್ತು.

ಥರ್ಮಾಮೀಟರಿಗೂ ಒಂದು ಕೊರತೆ ಇದೆ. ಅದು ಇವತ್ತಿನದು ಹೇಳುತ್ತದೆ, ಮುಂದಿನ ಮೂರು ತಿಂಗಳದ್ದು ಹೇಳುವುದಿಲ್ಲ. ಸೊಪ್ಪಿಗೆ ಅಷ್ಟು ಸಾಕು. ಟೊಮೆಟೊಗೆ ಸಾಲದು. ಸಸಿಗೆ ಒಂದು ತಿಂಗಳು, ನೆಟ್ಟ ಮೇಲೆ ಹಣ್ಣಿಗೆ ಎರಡು ತಿಂಗಳಿಗೂ ಜಾಸ್ತಿ. ರಾತ್ರಿ ತಣ್ಣಗಾಗಲಿ ಅಂತ ಕಾದು ಬೀಜ ಹಾಕಿದರೆ ಕೊಯ್ಲು ಮತ್ತೆ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲೇ ಅಕ್ಕನ ಚಾರ್ಟು ಮತ್ತೆ ಕೈಗೆ ಬಂತು. ಅದರ ದಿನಾಂಕ ನಮಗೆ ಬೇಡ, ಅದರ ಎಣಿಕೆ ಬೇಕು. ಅಪಾಯದ ದಿನವನ್ನು ಗುರುತು ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸುವುದು ನಿಜವಾಗಿ ಒಳ್ಳೆಯ ಪದ್ಧತಿ. ನಮ್ಮ ಅಪಾಯದ ದಿನ ಚಳಿಯದ್ದಲ್ಲ, ಅಷ್ಟೇ. ಮಾರ್ಚ್ 10ಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದೆ. ಹಣ್ಣಿನ ಬಹುಪಾಲು ಅದರೊಳಗೆ ಬರಬೇಕು. ಹಿಂದಕ್ಕೆ ಎಣಿಸಿ ಅಕ್ಟೋಬರ್ 25ಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅನ್ನುವ ಟೊಮೆಟೊ ತಳಿಯ ಬೀಜವನ್ನು ಸಜ್ಜೆಯ ಕೆಳಗೆ, ಮಳೆ ತಾಗದ ಹಾಗೆ ಟ್ರೇಯಲ್ಲಿ ಹಾಕಿದ್ದೆ. ನವೆಂಬರ್ 25ಕ್ಕೆ ನೆಟ್ಟೆ. ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಹಣ್ಣು ಕೊಯ್ದೆ. ಅದೇ ಆರು ಗಿಡ, ಅದೇ ತಾರಸಿ, ವಾರಕ್ಕೊಮ್ಮೆ ಒಂದು ಬುಟ್ಟಿ.

ಹಾಗಾದರೆ ಯಾವುದು ಒಳ್ಳೆಯದು ಅಂದರೆ, ನಾನು ಬೆಳೆ ಕೇಳಿ ಹೇಳುತ್ತೇನೆ. ಬಳ್ಳಿ ತರಕಾರಿ, ಬೆಂಡೆ, ಹರಿವೆ, ನಾಟಿ ಅವರೆಗೆ ಅತ್ತೆಯ ನಕ್ಷತ್ರ, ಕಣ್ಣು ಮುಚ್ಚಿ. ಸೊಪ್ಪಿಗೆ ಥರ್ಮಾಮೀಟರ್. ಟೊಮೆಟೊ, ನವಿಲುಕೋಸು, ಹೂಕೋಸಿಗೆ ಅಕ್ಕನ ಹಿಂದೆಣಿಕೆ, ಆದರೆ ಮಾರ್ಚ್ 10ರಿಂದ. ಪುದೀನಕ್ಕೆ ಈ ಯಾವ ಲೆಕ್ಕವೂ ಬೇಡ, ಕಡ್ಡಿ ನೆಟ್ಟು ನೆರಳು ಕೊಟ್ಟರೆ ವರ್ಷವಿಡೀ ಬರುತ್ತದೆ. ಬೇಸಿಲ್ ಬೇಸಿಗೆಯಲ್ಲಿ ಸುಖವಾಗಿರುತ್ತದೆ, ಜೋರು ಮಳೆಯಲ್ಲಿ ಸಜ್ಜೆ ಕೆಳಗೆ ಎಳೆದಿಡಬೇಕು.

ನೀವು ಮಾಡುವುದಾದರೆ ನನ್ನ ದಿನಾಂಕಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಕಟ್ಟಡಗಳ ನಡುವಿನ ತಾರಸಿಗೂ ಹೆಸರಘಟ್ಟ ಕಡೆಯ ಬಯಲಿಗೂ ರಾತ್ರಿಯ ತಂಪು ಒಂದೇ ಅಲ್ಲ. ಬ್ಯಾಗಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡು ಗಂಟೆಗೆ ಮಣ್ಣಿನೊಳಗೆ ಥರ್ಮಾಮೀಟರ್ ಚುಚ್ಚಿ ನೋಡಿದೆ. ಕಪ್ಪು ಬ್ಯಾಗಿನಲ್ಲಿ 41, ಬಿಳಿ ಬ್ಯಾಗಿನಲ್ಲಿ 36. ಈಗ ನನ್ನ ಕಪ್ಪು ಬ್ಯಾಗುಗಳಿಗೆಲ್ಲ ಹಳೆಯ ಬಿಳಿ ಪಂಚೆ ಸುತ್ತಿದ್ದೇನೆ.