ಕ್ಲಾಸಿನ ಗೋಡೆಗೆ ತಂದ ಪ್ರಪಂಚದ ಭೂಪಟ: ಕೊಳ್ಳಬಹುದಾ?

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಒಂಬತ್ತನೇ ಕ್ಲಾಸಿನ ಮಕ್ಕಳಿಗಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಈ ಗೋಡೆ ಭೂಪಟ ತಂದೆ. ನಾಲ್ಕಡಿ ಅಗಲ, ಲ್ಯಾಮಿನೇಷನ್ ಆಗಿದೆ, ಹೆಸರುಗಳೆಲ್ಲ ಕನ್ನಡದಲ್ಲಿವೆ. ಬೆಲೆ 650 ರೂಪಾಯಿ. ಕೊರತೆಗಳಿವೆ, ಮುಂದೆ ಹೇಳುತ್ತೇನೆ. ಆದರೂ ಶಾಲೆಗೆ ಧಾರಾಳವಾಗಿ ಕೊಳ್ಳಬಹುದು.

ಮೊದಲು ಇಷ್ಟವಾದದ್ದು ಇದು ಮರ್ಕೇಟರ್ ನಕ್ಷೆ ಅಲ್ಲ ಅನ್ನುವುದು. ನಕ್ಷೆಗಾರ ಮರ್ಕೇಟರ್ 1569ರಲ್ಲಿ ತನ್ನ ನಕ್ಷೆ ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿನಲ್ಲಿ ಸಾಗುವವರಿಗೆ ಅದು ಅನುಕೂಲ. ಆದರೆ ಧ್ರುವದ ಕಡೆ ಹೋದಷ್ಟೂ ನೆಲ ಹಿಗ್ಗುತ್ತದೆ. ನಮ್ಮ ಹಳೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾಕ್ಕೆ ಸರಿಸಮನಾಗಿ ಕೂತಿತ್ತು. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ನಮ್ಮ ಭಾರತವೇ ಅದರ ಒಂದೂವರೆ ಪಟ್ಟು! ಹೊಸದು ರಾಬಿನ್ಸನ್ ನಕ್ಷೆ. ಇದರಲ್ಲೂ ಗ್ರೀನ್‌ಲ್ಯಾಂಡ್ ಸ್ವಲ್ಪ ಉಬ್ಬಿದೆ, ಆದರೆ ಆಫ್ರಿಕಾ ಎಷ್ಟು ದೊಡ್ಡದು ಅಂತ ಮಕ್ಕಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಎರಡನೆಯದು ಗಡಿಗಳು. ಗೆರೆಗಳು ತೆಳ್ಳಗೆ, ಚೊಕ್ಕವಾಗಿ ಬಂದಿವೆ. ಈಜಿಪ್ಟ್ ಮತ್ತು ಸುಡಾನ್ ನಡುವೆ ಕೆಂಪು ಸಮುದ್ರದ ಹತ್ತಿರ ಒಂದು ನೇರ ಗೆರೆ, ಪಕ್ಕದಲ್ಲೇ ಒಂದು ಸೊಟ್ಟ ಚುಕ್ಕಿಗೆರೆ ಇದೆ. "ಮಿಸ್, ಇಲ್ಯಾಕೆ ಎರಡು?" ಅಂತ ಒಬ್ಬ ಹುಡುಗ ಕೇಳಿದ. ಆ ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು. 1899ರಲ್ಲಿ ಬ್ರಿಟಿಷರು 22 ಡಿಗ್ರಿ ಅಕ್ಷಾಂಶವನ್ನೇ ಗಡಿ ಅಂದರು. ಅಲ್ಲಿ ಕುರಿ, ಒಂಟೆ ಮೇಯಿಸುವ ಜನರಿಗೆ ಅಕ್ಷಾಂಶ ಏನು ಲೆಕ್ಕ? ಯಾವ ಬುಡಕಟ್ಟಿನವರು ಯಾವ ಕಡೆಯವರು ಅಂತ ನೋಡಿ, ಆಡಳಿತಕ್ಕಾಗಿ 1902ರಲ್ಲಿ ಇನ್ನೊಂದು ಗೆರೆ ಎಳೆದರು. ಈಗ ಈಜಿಪ್ಟ್ ಮೊದಲನೆಯದೇ ಸರಿ ಅನ್ನುತ್ತದೆ, ಸುಡಾನ್ ಎರಡನೆಯದೇ ಸರಿ ಅನ್ನುತ್ತದೆ. ಮೊದಲನೆಯ ಗೆರೆ ಹಿಡಿದರೆ ಕಡಲ ತೀರದ ಹಲಾಯಿಬ್ ಈಜಿಪ್ಟಿಗೆ, ಒಳನಾಡಿನ ಒಂದು ತುಂಡು ಸುಡಾನಿಗೆ; ಎರಡನೆಯದು ಹಿಡಿದರೆ ಅದಲುಬದಲು. ಹೀಗಾಗಿ ಹಲಾಯಿಬ್ ಇಬ್ಬರಿಗೂ ಬೇಕು. ಒಳನಾಡಿನ ಆ ತುಂಡು, ಬಿರ್ ತವೀಲ್ ಅನ್ನುವ 2,000 ಚದರ ಕಿಲೋಮೀಟರಿನಷ್ಟು ಮರುಭೂಮಿ ಇಬ್ಬರಿಗೂ ಬೇಡ. ಅದನ್ನು ನಮ್ಮದು ಅಂದರೆ ಹಲಾಯಿಬ್ ಬಿಟ್ಟುಕೊಟ್ಟ ಹಾಗೆ, ಅಲ್ವಾ?

ಭಾರತದ ಗಡಿ ಸರ್ವೇ ಆಫ್ ಇಂಡಿಯಾ ನಕ್ಷೆಯ ಪ್ರಕಾರವೇ ಇದೆ. ಕೊಳ್ಳುವಾಗ ಇದನ್ನು ಖಂಡಿತ ನೋಡಿ. ಅದಕ್ಕೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ನಮ್ಮ ಕಾನೂನಿನಲ್ಲಿ ಆರು ತಿಂಗಳವರೆಗೆ ಜೈಲು ಶಿಕ್ಷೆ ಇದೆ. ವಿದೇಶದಲ್ಲಿ ಅಚ್ಚಾದ ಭೂಪಟಗಳಲ್ಲಿ ಕಾಶ್ಮೀರ ಬೇರೆ ಥರ ಇರುತ್ತದೆ. ಭೂಪಟದ ಗಡಿಯಲ್ಲಿ ನೆಲದ ಅಳತೆಯ ಜೊತೆಗೆ ಒಂದು ದೇಶದ ವಾದವೂ ಇರುತ್ತದೆ ಅಂತ ಮಕ್ಕಳಿಗೆ ಇದನ್ನಿಟ್ಟುಕೊಂಡೇ ಹೇಳಿಕೊಟ್ಟೆ.

ಇನ್ನು ಕೊರತೆಗಳು. ಸ್ವಾಜಿಲ್ಯಾಂಡ್ ಅಂತಲೇ ಅಚ್ಚಾಗಿದೆ, ಆ ದೇಶ 2018ರಲ್ಲೇ ಎಸ್ವಾಟಿನಿ ಆಯಿತು. ಯುರೋಪಿನ ಚಿಕ್ಕ ದೇಶಗಳ ಹೆಸರುಗಳು ಒಂದರ ಮೇಲೊಂದು ಬಿದ್ದಿವೆ. ನನಗೆ ನಿಜಕ್ಕೂ ಬೇಸರವಾದದ್ದು ದಿನಾಂಕ ರೇಖೆ, ಅಂದರೆ ಪೆಸಿಫಿಕ್ ಸಾಗರದಲ್ಲಿ ದಾಟಿದರೆ ತಾರೀಕು ಒಂದು ದಿನ ಬದಲಾಗುವ ಗೆರೆ ನೋಡಿ. ಅಲ್ಲಿನ ದ್ವೀಪ ದೇಶ ಕಿರಿಬಾಟಿಯ ಹತ್ತಿರ ಸರಿಯಾಗಿ ಬಾಗಿದೆ, ಇನ್ನೊಂದು ದ್ವೀಪ ದೇಶ ಸಮೋವಾ ಮಾತ್ರ ಹಳೆಯ ಕಡೆಯಲ್ಲೇ ಉಳಿದಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲವಾಗಲಿ ಅಂತ ಸಮೋವಾ 2011ರಲ್ಲಿ ರೇಖೆಯ ಆಚೆಗೆ ಹೋಯಿತು. ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31ರ ಶನಿವಾರ. ಆ ವರ್ಷ ಅಲ್ಲಿ ಡಿಸೆಂಬರ್ 30 ಬರಲೇ ಇಲ್ಲ. ಪಕ್ಕದ ಅಮೆರಿಕನ್ ಸಮೋವಾ ಹಳೆಯ ಕಡೆಯಲ್ಲೇ ಇದೆ. ಇಂಥ ಚೆಂದದ ಕಥೆ ಮಕ್ಕಳಿಗೆ ತೋರಿಸಬೇಕಾದ ಜಾಗದಲ್ಲೇ ತಪ್ಪಾಗಬಾರದಿತ್ತು. ನಾನು ಮಾರ್ಕರ್‌ನಲ್ಲಿ ತಿದ್ದಿದ್ದೇನೆ.

ಲ್ಯಾಮಿನೇಷನ್ ಜಾಸ್ತಿ ಹೊಳೆಯುತ್ತದೆ. ಕಿಟಕಿಯ ಎದುರಿಗೆ ತೂಗುಹಾಕಿದರೆ ಹಿಂದಿನ ಬೆಂಚಿನವರಿಗೆ ಏನೂ ಕಾಣುವುದಿಲ್ಲ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಬಿಚ್ಚಿಸಿ ಎಸ್ವಾಟಿನಿ, ಸಮೋವಾ, ಸುಡಾನಿನಿಂದ ಬೇರೆಯಾದ ದಕ್ಷಿಣ ಸುಡಾನ್ ಮೂರನ್ನೂ ನೋಡಿಕೊಳ್ಳಿ. ಹೊಸ ಮುದ್ರಣ ಇದ್ದರೆ ಅದನ್ನೇ ಕೇಳಿ ಪಡೆಯಿರಿ.