ಗೆಳೆಯರ ಜೊತೆ ಊಟ: ಗ್ಯಾಲರಿಯ ಪಾಪ್‌ಅಪ್ಪೋ, ಮಾಮೂಲಿ ರೆಸ್ಟೋರೆಂಟೋ?

ನಾಲ್ಕೈದು ಜನ ಗೆಳೆಯರು ಊಟಕ್ಕೆ ಹೊರಟಿದ್ದೀರಿ. ಒಂದು ಕಡೆ, ಶೆಫ್ ಒಬ್ಬರು ಕಲಾ ಗ್ಯಾಲರಿಯಲ್ಲಿ ಕೆಲವೇ ದಿನ ನಡೆಸುವ ಊಟದ ಏರ್ಪಾಡು, ಅಂದರೆ ಪಾಪ್‌ಅಪ್. ಇನ್ನೊಂದು ಕಡೆ, ಎಂದಿನ ರೆಸ್ಟೋರೆಂಟ್.

ದೊಡ್ಡ ವ್ಯತ್ಯಾಸ ಇರುವುದು ಮೆನುವಿನಲ್ಲಿ. ರೆಸ್ಟೋರೆಂಟಿನಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ್ದು ಹೇಳಬಹುದು. ಪಾಪ್‌ಅಪ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಊಟ. ಅಡುಗೆಮನೆ ತಾತ್ಕಾಲಿಕ, ಚಿತ್ರಗಳ ಹತ್ತಿರ ಹೊಗೆ, ಬೆಂಕಿ ಆಗುವುದಿಲ್ಲ. ಹಾಗಾಗಿ ಎಷ್ಟೋ ಕೆಲಸ ಬೇರೆ ಕಡೆಯೇ ಮುಗಿದಿರುತ್ತದೆ. ಅಲರ್ಜಿ ಇದ್ದರೆ ಬುಕ್ ಮಾಡುವಾಗಲೇ ಹೇಳಿ. ಮೇಜಿಗೆ ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಅಪಾಯ.

ಪಾಪ್‌ಅಪ್‌ಗೆ ಹಣವನ್ನು ಸಾಮಾನ್ಯವಾಗಿ ಮುಂಚೆಯೇ ಕಟ್ಟಬೇಕು. ಕೊನೆ ಗಳಿಗೆಯಲ್ಲಿ ಒಬ್ಬರು ಬರದಿದ್ದರೆ ವಾಪಸ್ ಸಿಗುತ್ತದಾ ಎಂದು ಕೇಳಿಕೊಳ್ಳಿ.

ಬರಿಗೋಡೆ, ಗಟ್ಟಿ ನೆಲ ಇರುವ ಗ್ಯಾಲರಿಯಲ್ಲಿ ಮಾತು ಮಾರ್ದನಿಸುತ್ತದೆ. ಮನಸ್ಸು ಬಿಚ್ಚಿ ಮಾತಾಡಬೇಕಿದ್ದರೆ ರೆಸ್ಟೋರೆಂಟಿನ ಮೂಲೆಯ ಮೇಜೇ ವಾಸಿ.

ಆದರೂ ನನ್ನ ಮನಸ್ಸು ಗ್ಯಾಲರಿಯ ಕಡೆಗೇ. ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಎದ್ದು ಚಿತ್ರ ನೋಡಬಹುದು, ಅಲ್ವಾ? ಎಷ್ಟೋ ಸಲ ಶೆಫ್ ತಾವೇ ಬಂದು ಅಡುಗೆಯ ಬಗ್ಗೆ ಹೇಳುತ್ತಾರೆ. ಕಲೆ, ಊಟದ ಈ ನಂಟು ಹೊಸದೇನಲ್ಲ. 1971ರಲ್ಲೇ ನ್ಯೂಯಾರ್ಕಿನಲ್ಲಿ ಕಲಾವಿದ ಗಾರ್ಡನ್ ಮಟ್ಟಾ-ಕ್ಲಾರ್ಕ್ ಮತ್ತು ಗೆಳೆಯರು 'ಫುಡ್' ಎಂಬ ರೆಸ್ಟೋರೆಂಟ್ ತೆರೆದಿದ್ದರು. ಅಲ್ಲಿ ಕಲಾವಿದರೇ ಅಡುಗೆ ಮಾಡುತ್ತಿದ್ದರು.

ಗುಂಪಿನಲ್ಲಿ ಪಥ್ಯದವರು, ಚಿಕ್ಕ ಮಕ್ಕಳು ಇದ್ದರೆ ರೆಸ್ಟೋರೆಂಟಿಗೆ ಹೋಗಿ. ಹೊಸ ರುಚಿಗೆ ಎಲ್ಲರೂ ತಯಾರಿದ್ದರೆ ಪಾಪ್‌ಅಪ್ ಇವತ್ತೇ ಬುಕ್ ಮಾಡಿ. ಅಲ್ಲಿ ಸೀಟು ಕಡಿಮೆ.