ಕೋವಿಡ್19ಇಂಡಿಯಾ ಜಾಲತಾಣ: ಮುಂಬಯಿಯ ಒಬ್ಬ ಬಳಕೆದಾರನ ವಿಮರ್ಶೆ

ದೇಶದ ಕೋವಿಡ್ ಅಂಕಿಗಳನ್ನು ಒಟ್ಟುಗೂಡಿಸಿ ತೋರಿಸಲು 2020ರ ಮಾರ್ಚ್‌ನಲ್ಲಿ ಸ್ವಯಂಸೇವಕರ ಗುಂಪೊಂದು ಆರಂಭಿಸಿ 2021ರ ಅಕ್ಟೋಬರ್ 31ರಂದು ನಿಲ್ಲಿಸಿದ ಕೋವಿಡ್19ಇಂಡಿಯಾ.ಆರ್ಗ್ ಜಾಲತಾಣವನ್ನು, ಅದು ನಡೆದಷ್ಟು ಕಾಲವೂ ನಾನು ಬಳಸಿದ್ದೇನೆ. ಅದು ಉಳಿಸಿಹೋದ ದತ್ತಾಂಶದ ಕಡತಗಳನ್ನು ಈಗಲೂ ಆಗಾಗ ತೆರೆದು ನೋಡುತ್ತೇನೆ. ಮಾಟುಂಗಾ ಮತ್ತು ಫೋರ್ಟ್ ಭಾಗದ ಕೆಲವು ಉಡುಪಿ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಹೋಟೆಲಿನ ಕೆಲಸಗಾರರಲ್ಲಿ ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು, ಕೆಲವರು ಕಲಬುರಗಿಯವರು. ಯಾರನ್ನು ಯಾವಾಗ ಊರಿಗೆ ಕಳುಹಿಸುವುದು, ಯಾವಾಗ ಮರಳಿ ಕರೆಸಿಕೊಳ್ಳುವುದು ಎಂಬುದನ್ನು ತೀರ್ಮಾನಿಸಲು ಮಾಲೀಕರಿಗೆ ಎರಡು ರಾಜ್ಯಗಳ ಅಂಕಿಗಳು ಒಟ್ಟಿಗೆ ಬೇಕಾಗಿದ್ದವು, ಮತ್ತು ಅವು ಬೇರೆಲ್ಲಿಯೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಈ ತಾಣದ ಮುಖ್ಯ ಗುಣ ಅದೇ. ಕೇಂದ್ರ ಆರೋಗ್ಯ ಸಚಿವಾಲಯ ಪ್ರತಿದಿನ ಮುಖ್ಯವಾಗಿ ರಾಜ್ಯವಾರು ಮೊತ್ತವನ್ನು ಕೊಡುತ್ತಿತ್ತು. ಮಹಾರಾಷ್ಟ್ರದ ಬುಲೆಟಿನ್ ಮಹಾನಗರಪಾಲಿಕೆಗಳ ಲೆಕ್ಕದಲ್ಲಿ ಬರುತ್ತಿತ್ತು: ಮುಂಬಯಿ, ಠಾಣೆ, ನವಿ ಮುಂಬಯಿ, ಕಲ್ಯಾಣ್-ಡೊಂಬಿವಲಿ, ವಸಯಿ-ವಿರಾರ್ ಎಂದು ಸಾಲುಸಾಲಾಗಿ. ಕರ್ನಾಟಕದ ಬುಲೆಟಿನ್ ಮೊದಮೊದಲು ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆ ಕೊಟ್ಟು, ಅದರ ಮುಂದೆ ವಯಸ್ಸು, ಜಿಲ್ಲೆ ಮತ್ತು ಸೋಂಕು ತಗುಲಿದ ಬಗೆಯನ್ನು ಬರೆಯುತ್ತಿತ್ತು. ಈ ಎರಡು ಬಗೆಯ ಕಾಗದಗಳನ್ನು ಸ್ವಯಂಸೇವಕರು ದಿನವೂ ಓದಿ, ಜಿಲ್ಲೆಯ ಲೆಕ್ಕಕ್ಕೆ ಇಳಿಸಿ, ಒಂದೇ ಕೋಷ್ಟಕದಲ್ಲಿ ಕೂರಿಸುತ್ತಿದ್ದರು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರಲ್ಲಿ ಸೋಂಕು ಪತ್ತೆಯಾಗಿ ಉಡುಪಿ, ಮಂಡ್ಯ, ಯಾದಗಿರಿ, ಕಲಬುರಗಿಗಳ ಅಂಕಿ ಏರತೊಡಗಿದಾಗ, ಮುಂಬಯಿಯ ಏರಿಕೆ ಊರಿನ ಏರಿಕೆಗೆ ಹೇಗೆ ದಾರಿಯಾಗುತ್ತಿದೆ ಎಂಬುದು ಈ ತಾಣದಲ್ಲಿ ಪಕ್ಕಪಕ್ಕದಲ್ಲೇ ಕಾಣುತ್ತಿತ್ತು.

ಆದರೆ ಜಿಲ್ಲೆಯೇ ಅದರ ಕೊನೆಯ ಮೆಟ್ಟಿಲು. ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳು ಅಲ್ಲಿ ‘ಮುಂಬಯಿ’ ಎಂಬ ಒಂದೇ ಹೆಸರಿನಡಿ ಸೇರಿಹೋಗಿದ್ದವು. ಡೊಂಬಿವಲಿಯಲ್ಲಿರುವ ನಮ್ಮವರು ತಮ್ಮ ಊರನ್ನು ಹುಡುಕಿದರೆ ಇಡೀ ಠಾಣೆ ಜಿಲ್ಲೆ ಸಿಗುತ್ತಿತ್ತು. ಮಾಟುಂಗಾ, ಸಯನ್, ವಡಾಳಾ ಸೇರಿದ ಎಫ್-ಉತ್ತರ ವಾರ್ಡ್‌ನ ಸ್ಥಿತಿಗೂ, ಧಾರಾವಿ, ಮಾಹಿಮ್, ದಾದರ್ ಸೇರಿದ ಜಿ-ಉತ್ತರ ವಾರ್ಡ್‌ನ ಸ್ಥಿತಿಗೂ ಇದ್ದ ವ್ಯತ್ಯಾಸ ತಿಳಿಯಬೇಕಾದರೆ ಮಹಾನಗರಪಾಲಿಕೆಯ 24 ವಾರ್ಡ್‌ಗಳ ದೈನಿಕ ವರದಿಯನ್ನೇ ತೆರೆಯಬೇಕಿತ್ತು. ಹೋಟೆಲ್ ನಡೆಸುವವನಿಗೆ ಬೇಕಾದದ್ದು ಮುಖ್ಯವಾಗಿ ತನ್ನ ವಾರ್ಡು. ರಾಜ್ಯದ ಮೊತ್ತ ಸುದ್ದಿವಾಹಿನಿಗಳಿಗೆ ಸಾಕು.

ಅಂಕಿಗಳನ್ನು ಓದುವ ಬಗೆಯ ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ತಾಣ ತೋರಿಸುತ್ತಿದ್ದದ್ದು ವೈರಾಣುವಿನ ನಡೆಯನ್ನಲ್ಲ, ಸರ್ಕಾರಿ ವರದಿಗಳ ನಡೆಯನ್ನು. ಭಾನುವಾರ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಕಡಿಮೆಯಾಗುತ್ತಿದ್ದುದರಿಂದ ವಾರದ ಆರಂಭದಲ್ಲಿ ಗೆರೆ ತಗ್ಗಿ, ವಾರದ ನಡುವೆ ಮತ್ತೆ ಏಳುತ್ತಿತ್ತು. ಸೋಮವಾರದ ಇಳಿಕೆಯನ್ನು ಕಂಡು ಗಲ್ಲಾಪೆಟ್ಟಿಗೆ ಒರೆಸಲು ಹೊರಟ ಮಾಲೀಕರನ್ನು ಗುರುವಾರದವರೆಗೆ ತಡೆದು ನಿಲ್ಲಿಸುವುದೇ ನನಗೊಂದು ಕೆಲಸವಾಗಿತ್ತು. ಏಳು ದಿನಗಳ ಸರಾಸರಿಯಿಲ್ಲದೆ ಯಾವ ಗೆರೆಯನ್ನೂ ನಂಬುವಂತಿರಲಿಲ್ಲ. ಸಾವಿನ ಅಂಕಿ ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತಿತ್ತು. 2020ರ ಜೂನ್ 16ರಂದು ಮಹಾರಾಷ್ಟ್ರ ತನ್ನ ಹಳೆಯ ದಾಖಲೆಗಳನ್ನು ತಾಳೆ ನೋಡಿ, ಅದುವರೆಗೆ ಲೆಕ್ಕಕ್ಕೆ ಬಾರದ 1,328 ಸಾವುಗಳನ್ನು ಒಮ್ಮೆಗೇ ಸೇರಿಸಿತು; ಅವುಗಳಲ್ಲಿ 862 ಮುಂಬಯಿಯವು. ಮರುವರ್ಷ ಜೂನ್‌ನಲ್ಲಿ ಬಿಹಾರವೂ ಇದೇ ರೀತಿ 3,951 ಸಾವುಗಳನ್ನು ಸೇರಿಸಿತು. ನಕ್ಷೆಯಲ್ಲಿ ಅಂಥ ದಿನಗಳು ಒಂಟಿ ಕಂಬಗಳಂತೆ ನಿಲ್ಲುತ್ತವೆ. ಆ ಕಂಬ ಆ ದಿನದ ಸಾವಲ್ಲ, ಹಿಂದಿನ ವಾರಗಳ ಬಾಕಿ ಎಂದು ಅರಿಯದವರಿಗೆ ಅದು ವಿನಾಕಾರಣ ಗಾಬರಿಯನ್ನೇ ತರುತ್ತದೆ.

ಗೋವಾದ ಉದಾಹರಣೆ ಇನ್ನೊಂದು ಮಿತಿಯನ್ನು ತೋರಿಸುತ್ತದೆ. ವಾಸ್ಕೊ ಊರಿನಲ್ಲಿ ಕನ್ನಡಿಗ ಕೂಲಿಕಾರರು ಬಹಳ. 2020ರ ಜೂನ್ ಆರಂಭದಲ್ಲಿ ಅಲ್ಲಿನ ಮಾಂಗೊರ್ ಹಿಲ್ ನಿರ್ಬಂಧಿತ ವಲಯವಾದಾಗ ಅವರ ಬಂಧುಗಳು ನನ್ನನ್ನೂ ವಿಚಾರಿಸಿದ್ದುಂಟು. ಗೋವಾ ಸರ್ಕಾರ ಅಂಕಿಗಳನ್ನು ಜಿಲ್ಲೆಯ ಬದಲು ಆರೋಗ್ಯ ಕೇಂದ್ರಗಳ ಲೆಕ್ಕದಲ್ಲಿ ಪ್ರಕಟಿಸುತ್ತಿದ್ದುದರಿಂದ, ತಾಣದ ಜಿಲ್ಲಾ ಕಡತದಲ್ಲಿ ಆ ರಾಜ್ಯ ‘ಅಜ್ಞಾತ’ ಎಂಬ ಒಂದೇ ಸಾಲಾಗಿ ಉಳಿಯಿತು. 2021ರ ಮೇ ತಿಂಗಳ ಆರಂಭದಲ್ಲಂತೂ ಗೋವಾದಲ್ಲಿ ಪರೀಕ್ಷೆ ಮಾಡಿಸಿಕೊಂಡ ಇಬ್ಬರಲ್ಲಿ ಸರಿಸುಮಾರು ಒಬ್ಬರಿಗೆ ಸೋಂಕಿತ್ತು, ಆದರೆ ಒಟ್ಟು ಸಂಖ್ಯೆಗೆ ತಕ್ಕಂತೆ ಬಣ್ಣ ತುಂಬುವ ದೇಶದ ನಕ್ಷೆಯಲ್ಲಿ ಆ ಪುಟ್ಟ ರಾಜ್ಯ ತೆಳುವಾಗಿಯೇ ಕಾಣುತ್ತಿತ್ತು. ಆಗ ನೋಡಬೇಕಿದ್ದದ್ದು ಬಣ್ಣವನ್ನಲ್ಲ, ಪಾಸಿಟಿವಿಟಿ ದರವನ್ನು, ಅಂದರೆ ಪರೀಕ್ಷೆಗೊಳಗಾದ ನೂರರಲ್ಲಿ ಎಷ್ಟು ಮಂದಿಗೆ ಸೋಂಕಿದೆ ಎಂಬುದನ್ನು. ಅದು ತಾಣದಲ್ಲಿತ್ತು, ಹುಡುಕಿ ತೆಗೆಯಬೇಕಿತ್ತು.

ವೈರಾಣುವಿನ ತಳಿಗಳ ವಿಷಯ ಈ ಸೇವೆಯ ವ್ಯಾಪ್ತಿಯಲ್ಲಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಅಮರಾವತಿಯ ಗೆರೆ ಏಕಾಏಕಿ ಮೇಲೆದ್ದದ್ದು ತಾಣದಲ್ಲಿ ಸ್ಪಷ್ಟವಾಗಿ ಕಂಡಿತ್ತು. ಏಕೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ವೈರಾಣುವಿನ ತಳಿಗಳನ್ನು ಗುರುತಿಸಲೆಂದು 2020ರ ಡಿಸೆಂಬರ್‌ನಲ್ಲಿ ರಚನೆಯಾದ ಇನ್ಸಾಕಾಗ್ ಜಾಲದ ಪ್ರಯೋಗಾಲಯಗಳವರು. ಅವುಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೂ ಒಂದು. ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಗುರುತಿಸಿದ್ದೂ, 2020ರ ಜನವರಿ 30ರಂದು ಕೇರಳದ ತ್ರಿಶ್ಶೂರಿನ ವಿದ್ಯಾರ್ಥಿನಿಯಲ್ಲಿ ದೇಶದ ಮೊದಲ ಕೋವಿಡ್ ಸೋಂಕನ್ನು ಖಚಿತಪಡಿಸಿದ್ದೂ ಇದೇ ಸಂಸ್ಥೆ.

ಜಾಹೀರಾತಿಲ್ಲ, ಶುಲ್ಕವಿಲ್ಲ, ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಸರ್ಕಾರ ಮಾಡಬೇಕಾದ ಕೆಲಸವನ್ನು ಸ್ವಂತ ಉದ್ಯೋಗವಿರುವ ಯುವಜನರು ಬಿಡುವಿನ ವೇಳೆಯಲ್ಲಿ ಮಾಡಿದರು ಎಂಬುದನ್ನು ನಾನು ಹೊಗಳಿಕೆಯಾಗಿ ಮಾತ್ರ ಬರೆಯುತ್ತಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಒಂದು ಕೊನೆ ಇದ್ದೇ ಇರುತ್ತದೆ. ಒಮಿಕ್ರಾನ್ ಬರುವ ಮೊದಲೇ ಈ ಸೇವೆ ಮುಗಿದಿತ್ತು. ನಿಲ್ಲಿಸುವುದನ್ನು ಕೆಲವು ತಿಂಗಳು ಮೊದಲೇ ತಿಳಿಸಿದ್ದು ಅವರ ದೊಡ್ಡತನ, ಆ ಬಳಿಕ ಬೇರೆ ಸ್ವಯಂಸೇವಕರು ಅದೇ ಮಾದರಿಯಲ್ಲಿ ಮುಂದುವರಿಸಿದರೆಂಬುದೂ ನಿಜ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ; ಒಂದನ್ನು ಕಳೆದದ್ದು ವಾರ್ಡ್ ಮಟ್ಟದ ಮಾಹಿತಿ ಇಲ್ಲದ್ದಕ್ಕೆ. ಹಳೆಯ ಕಡತಗಳನ್ನು ಅಧ್ಯಯನಕ್ಕೆ ಬಳಸುವವರು ‘ಇತರೆ’ ಎಂಬ ಕಲಮನ್ನು ಮರೆಯಬಾರದು. ಸೋಂಕಿದ್ದೂ ಬೇರೆ ಕಾರಣದಿಂದ ತೀರಿಕೊಂಡವರು ಮತ್ತು ರಾಜ್ಯ ಬಿಟ್ಟು ಹೋದವರು ಅದರಲ್ಲಿದ್ದಾರೆ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಆ ಕಲಮಿನಲ್ಲಿ ಅಂಕಿಗಳಿವೆ. ಅದನ್ನು ಬಿಟ್ಟು ಕೂಡಿ ಕಳೆದರೆ ಸಕ್ರಿಯ ಪ್ರಕರಣಗಳ ಲೆಕ್ಕ ತಾಳೆಯಾಗುವುದಿಲ್ಲ.